ಬಣ್ಣ ಬಳಿದರೆ ಕೆಡುವುದೇನು?

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯ ಬಗ್ಗೆ ಬರೆಯುವವರೆಲ್ಲ ಒಂದೇ ದಾರಿ ಹಿಡಿಯುತ್ತಾರೆ: ವಿಜಯನಗರದ ಕಾಲ, ವಿರೂಪಾಕ್ಷ ಗುಡಿಯ ಚಾವಣಿ, ಹಂಪಿಯ ತೇರು, ಜಿಐ ಮಾನ್ಯತೆ, ಆಮೇಲೆ ಅಳಿವಿನಂಚು. ಕೊನೆಗೊಂದು ಉಪದೇಶ: ಇದು ಪರಂಪರೆ, ಗಾಜಿನ ಪೆಟ್ಟಿಗೆಯಲ್ಲಿಡಿ, ಮೂಲ ಬಣ್ಣ ಮುಟ್ಟಬೇಡಿ. ಉಳಿದದ್ದಕ್ಕೆ ನನ್ನ ತಕರಾರು ಕಡಿಮೆ. ಆ ಉಪದೇಶ ಮಾತ್ರ ಕಲೆಯನ್ನು ಗೌರವಿಸುವ ಭರದಲ್ಲಿ ಅದರ ಸ್ವಭಾವವನ್ನೇ ಮರೆತಿದೆ.

ಗೊಂಬೆ ಆಗುವ ಬಗೆಯನ್ನೇ ನೋಡಿ. ಗರುಡ 12 ತುಂಡುಗಳ ಜೋಡಣೆ. ಪೀಠದ ಮೇಲೆ ಕೂತ ಗಣಪತಿಗೆ 22 ಬೇಕು. ಹಗುರ ಮರದಲ್ಲಿ ಕೆತ್ತಿದ ಈ ತುಂಡುಗಳನ್ನು ಹುಣಸೆ ಬೀಜದ ಅಂಟು ಹಿಡಿದಿಡುತ್ತದೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಅದೇ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೈತುಂಬ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ‘ಮರದ ಗೊಂಬೆ’ ಎನ್ನುತ್ತೇವೆ. ನಮ್ಮ ಕಣ್ಣಿಗೆ ಬೀಳುವುದರಲ್ಲಿ ಮರದ ಪಾಲು ಆಕಾರವಷ್ಟೇ. ಮೂಗು, ಹುಬ್ಬು, ಕೊರಳ ಸರ ಎಲ್ಲ ಮೇಲಿನ ತೊಗಲಿನ ಕೆಲಸ.

ಇದನ್ನು ಕೀಲುಗೊಂಬೆಗಳ ಪಕ್ಕದಲ್ಲಿಟ್ಟರೆ ನನ್ನ ಮಾತು ಸ್ಪಷ್ಟವಾದೀತು. 1999ರಲ್ಲಿ ಜಪಾನಿನ ವೋಕ್ಸ್ ಕಂಪನಿ ತಂದ ‘ಸೂಪರ್ ಡಾಲ್ಫಿ’ಯ ಜಾತಿಯವಕ್ಕೆ ಗುಂಡುಕೀಲು, ಒಳಗೆ ಇಲಾಸ್ಟಿಕ್. ಕೊಂಡವರು ಅದರ ಮುಖದ ಬಣ್ಣ ಅಳಿಸಿ ಬೇರೆ ಬರೆಯುತ್ತಾರೆ, ಕಣ್ಣು, ಕೂದಲು ಬದಲಿಸುತ್ತಾರೆ, ಸಡಿಲಾದ ಇಲಾಸ್ಟಿಕ್ ತೆಗೆದು ಹೊಸದು ಪೋಣಿಸುತ್ತಾರೆ. ಇದನ್ನು ಯಾರೂ ಅಪಚಾರ ಎನ್ನುವುದಿಲ್ಲ. ಅಲ್ಲಿ ಆರೈಕೆ ಎಂದರೆ ಅದೇ. ಕೀಲುಗೊಂಬೆ ನಮ್ಮ ಜಿಲ್ಲೆಗೂ ಹೊಸತಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಕೈಯ ತೊಗಲುಗೊಂಬೆಗಳು ಕುಣಿಯುವುದು ಕೈಕಾಲಿನ ಸಂದುಗಳಿಂದಲೇ. ಕಿನ್ನಾಳದ ಗೊಂಬೆಗೂ ಸಂದುಗಳಿವೆ, ಆದರೆ ಅವನ್ನು ಮುಚ್ಚುವುದೇ ಅದರ ಕುಶಲತೆ. ಮುಚ್ಚಿದ ಪದರ ಸವೆಯುತ್ತದೆ. ಸವೆದದ್ದನ್ನು ಮತ್ತೆ ಹೊದಿಸಬೇಕು.

ನನ್ನ ದೊಡ್ಡ ಸಾಕ್ಷಿ ಊರದೇವಿ. ಕುಷ್ಟಗಿ, ಯಲಬುರ್ಗಾ ಕಡೆ ದ್ಯಾಮವ್ವನ ಜಾತ್ರೆ ಬಂತೆಂದರೆ ಮೊದಲು ದೇವಿಗೆ ಬಣ್ಣ ಆಗಬೇಕು. ಹಳೆಯ ಬಣ್ಣ ಹೋಗಿ ಹೊಸತು ಬಂದರೂ ದೇವಿ ಅವಳೇ. ಬಣ್ಣ ಮಾಸಿದವಳನ್ನು ತೇರಿಗೇರಿಸಿದರೆ ಊರು ಸುಮ್ಮನಿರದು. ಪೂಜೆಯ ಮೂರ್ತಿಗೆ ಸಲ್ಲುವ ಈ ನಿಯಮ ಮೇಜಿನ ಮೇಲಿನ ಗರುಡನಿಗೆ ಯಾಕೆ ಸಲ್ಲಬಾರದು? ‘ಮೂಲ’ದ ಹೆಸರಿನಲ್ಲಿ ಎಲ್ಲರೂ ಬೊಟ್ಟು ಮಾಡುವ ವಿರೂಪಾಕ್ಷ ಗುಡಿಯ ಚಾವಣಿಯ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈಗ ಕಾಣುವ ಚಿತ್ರಗಳು 19ನೇ ಶತಮಾನದ ಜೀರ್ಣೋದ್ಧಾರದವು ಎಂಬ ವಾದವೂ ಇದೆ. ಅದು ನಿಜವಾದರೆ, ನಮ್ಮ ಹೆಮ್ಮೆಯ ಸಾಕ್ಷಿಯೇ ಮರುಬಣ್ಣದ ಸಾಕ್ಷಿ.

ಇನ್ನೊಂದು ತಪ್ಪು ಹೆಸರಿನಲ್ಲೇ ಇದೆ. ಚನ್ನಪಟ್ಟಣವನ್ನೂ ಕಿನ್ನಾಳವನ್ನೂ ಸೇರಿಸಿ ‘ಅರಗಿನ ಗೊಂಬೆ’ ಎಂದುಬಿಡುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರ ಚರಕಿಯಲ್ಲಿ ತಿರುಗುವಾಗ ಅರಗು ಬಿಸಿಗೆ ಕರಗಿ ಮರಕ್ಕೆ ಕೂರುತ್ತದೆ; ಒದ್ದೆ ಬಟ್ಟೆಗೆ ಅದು ಅಂಜುವುದಿಲ್ಲ. ಕಿನ್ನಾಳದ್ದು ಅಂಟಿನ ಗೊಂಬೆ. ಈ ಅಂತರ ಗೊತ್ತಿದ್ದೂ ನಾನು ಹೊಸ ಗರುಡನ ಪೀಠವನ್ನು ಒದ್ದೆ ಅರಿವೆಯಿಂದ ಒರೆಸಿದೆ. ಅರಿವೆ ಕೆಂಪಾಯಿತು, ಪೀಠದ ಅಂಚಿನಲ್ಲಿ ಬಿಳಿ ಲೇಪ ಇಣುಕಿತು. ಕಿನ್ನಾಳದ ಚಿತ್ರಗಾರರೊಬ್ಬರಿಗೆ ತೋರಿಸಿದರೆ ಅವರು ಗಾಬರಿಯಾಗಲಿಲ್ಲ. “ನೀರು ಮುಟ್ಟಿಸಬಾರದ್ರಿ. ಇರ್ಲಿ, ಬಣ್ಣ ಮಾಡೋಣಂತ,” ಅಂದರು. ಒಣ ಕುಂಚದಿಂದ ಧೂಳು ತೆಗೆಯುವುದು, ಬಿಸಿಲಿಗೂ ಥಂಡಿ ಗೋಡೆಗೂ ದೂರ ಇಡುವುದು, ಅಂಟಿನ ಆಸೆಗೆ ಬರುವ ಹುಳದ ಮೇಲೆ ಕಣ್ಣಿಡುವುದು: ಇಷ್ಟೇ ಮನೆಯವರ ಕೆಲಸ. ಉಳಿದದ್ದು ಚಿತ್ರಗಾರರ ಕೆಲಸ.

ಇದಕ್ಕೆ ಬರುವ ಆಕ್ಷೇಪ ಹಗುರದ್ದಲ್ಲ. ಮರುಬಣ್ಣದ ಹೆಸರಿನಲ್ಲಿ ಅಂಗಡಿಯ ಆಯಿಲ್ ಪೇಂಟ್ ಬಳಿದು, ಒಡವೆಯ ಉಬ್ಬುಗೆರೆಗಳೆಲ್ಲ ಹೂತುಹೋದ ಮೂರ್ತಿಗಳನ್ನು ನಾನೂ ನೋಡಿದ್ದೇನೆ. ಕೈಗೊಂದು ಕುಂಚ ಸಿಕ್ಕವರೆಲ್ಲ ಚಿತ್ರಗಾರರಾಗುವುದಿಲ್ಲ. ಮ್ಯೂಸಿಯಂ ಸೇರಿದ ಹಳೆಯ ಗೊಂಬೆಗಳನ್ನಂತೂ ಮುಟ್ಟಲೇಬಾರದು. ಅವು ಈಗ ದಾಖಲೆಗಳು. ಒಪ್ಪಿದೆ. ಆದರೆ ಈ ಆಕ್ಷೇಪ ಕೆಟ್ಟ ಬಣ್ಣದ ವಿರುದ್ಧವೇ ಹೊರತು ಬಣ್ಣದ ವಿರುದ್ಧವಲ್ಲ. ನಿನ್ನೆ ಕೊಂಡ ಗೊಂಬೆಗೂ ಮ್ಯೂಸಿಯಂ ನಿಯಮ ಹೇರಿದರೆ ಕಿನ್ನಾಳಕ್ಕೆ ಕೊಂಡವರು ಮರಳಿ ಬರುವುದಿಲ್ಲ, ಹಳೆಯ ಪದರ ಕೆರೆದು ಹೊಸತು ಕೂರಿಸುವ ವಿದ್ಯೆಗೆ ಗಿರಾಕಿಯೂ ಇರುವುದಿಲ್ಲ. ಒಮ್ಮೆ ಮಾರಿ ಮುಗಿಯುವ ಗೊಂಬೆಗಿಂತ ಹತ್ತು ವರ್ಷಕ್ಕೊಮ್ಮೆ ತವರಿಗೆ ಬರುವ ಗೊಂಬೆ ಚಿತ್ರಗಾರರ ಓಣಿಗೆ ಹೆಚ್ಚು ಅನ್ನ ಹಾಕೀತು.

ನನ್ನ ಗರುಡ ಇನ್ನೂ ಅಲ್ಲೇ ಇದ್ದಾನೆ. ಪೀಠಕ್ಕೆ ಅದೇ ಕೆಂಪು ಇರಲಿ ಎಂದು ಹೇಳಿ ಬಂದಿದ್ದೆ. ಕೊಪ್ಪಳದ ಬಸ್ಸು ಹತ್ತಿದ ಮೇಲೆ, ಹಾಗೆ ಹೇಳಿದ್ದು ನನ್ನೊಳಗಿನ ಗಾಜಿನ ಪೆಟ್ಟಿಗೆಯೇ ಅನ್ನಿಸಿತು.