ಮರ ಬಿಚ್ಚಿಟ್ಟ ಮೇಲಿನ ಕ್ರಿಸ್‌ಮಸ್

ಕ್ರಿಸ್‌ಮಸ್ ಕುರಿತ ಹೆಚ್ಚಿನ ಕವಿತೆಗಳು ಗೋದಲಿಯ ಮುಂದೆ ಮುಗಿಯುತ್ತವೆ. ಮಗು ಹುಟ್ಟಿತು, ನಕ್ಷತ್ರ ಕಂಡಿತು, ಕುರುಬರು ಬಂದರು, ಅಲ್ಲಿಗೆ ಮಂಗಳ. ಡಬ್ಲ್ಯು. ಎಚ್. ಆಡೆನ್‌ನ ‘ಫಾರ್ ದಿ ಟೈಮ್ ಬೀಯಿಂಗ್’ ಹಾಗೆ ಮುಗಿಯುವುದಿಲ್ಲ. 1944ರಲ್ಲಿ ಪ್ರಕಟವಾದ ಈ ದೀರ್ಘ ಕಾವ್ಯದ ಕೊನೆಯ ಪುಟಗಳಲ್ಲಿ ಹಬ್ಬ ಕಳೆದಿದೆ. ಮರದ ಅಲಂಕಾರಗಳನ್ನು ರಟ್ಟಿನ ಡಬ್ಬಗಳಿಗೆ ತುಂಬಬೇಕು, ಮಕ್ಕಳನ್ನು ಶಾಲೆಗೆ ಅಣಿಗೊಳಿಸಬೇಕು, ಉಳಿದ ಅಡುಗೆಯನ್ನು ವಾರವಿಡೀ ಬಿಸಿ ಮಾಡಿ ತಿನ್ನಬೇಕು. ಈ ಕಾವ್ಯದ ನಿಜವಾದ ಸತ್ವ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಆಡೆನ್ 1939ರಲ್ಲಿ ನ್ಯೂಯಾರ್ಕಿಗೆ ಬಂದ. ತಾಯಿಯಿಂದ ಬಂದಿದ್ದ ಆಂಗ್ಲಿಕನ್ ಶ್ರದ್ಧೆಯನ್ನು ಹರೆಯದಲ್ಲಿ ಬಿಟ್ಟಿದ್ದವನು 1940ರ ಹೊತ್ತಿಗೆ ಮತ್ತೆ ಚರ್ಚಿಗೆ ಹೋಗತೊಡಗಿದ. ಅಮೆರಿಕದಲ್ಲಿ ಆ ಪರಂಪರೆಯ ಚರ್ಚಿಗೆ ಎಪಿಸ್ಕೋಪಲ್ ಎಂದು ಹೆಸರು. 1947ರಲ್ಲಿ ಆಂಗ್ಲಿಕನ್ನರೂ ಸೇರಿ ಕಟ್ಟಿದ ನಮ್ಮ ಸಿಎಸ್‌ಐ ಸಭೆಗಳನ್ನು ಬಲ್ಲವರಿಗೆ ಅದರ ಹಬ್ಬಗಳ ಕ್ರಮ ತೀರಾ ಹೊಸದಲ್ಲ. 1941ರಲ್ಲಿ ಆಡೆನ್‌ನ ತಾಯಿ ತೀರಿಕೊಂಡಳು. ಅವಳ ನೆನಪಿಗೆ ಅರ್ಪಿಸಿದ ಈ ಕಾವ್ಯವನ್ನು ಅವನು ಯುದ್ಧದ ನಡುವೆ ಬರೆದ. ಬೆಂಜಮಿನ್ ಬ್ರಿಟನ್ ಇದಕ್ಕೆ ಸಂಗೀತ ಕೂಡಿಸಬೇಕೆಂಬ ಯೋಜನೆಯಿತ್ತು. ಆದರೆ ಕೃತಿ ಹಾಡಲಾಗದಷ್ಟು ಬೆಳೆದು, ಆ ಯೋಜನೆ ಕೈಗೂಡಲಿಲ್ಲ.

ಕಾವ್ಯದ ನಡೆ ಚರ್ಚಿನ ಪಂಚಾಂಗದ ನಡೆಯೇ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ ಅದು ಶುರುವಾಗುತ್ತದೆ. ಮರಿಯಳಿಗೆ ದೂತನ ಸಂದೇಶ, ಯೋಸೇಫನ ಸಂಶಯ, ಕುರುಬರು, ಗೋದಲಿ, ಸಿಮೆಯೋನನ ಧ್ಯಾನ, ಆಮೇಲೆ ಹೆರೋದನ ಶಿಶುಹತ್ಯೆ, ಐಗುಪ್ತಕ್ಕೆ ಪಲಾಯನ. ಸಂಭ್ರಮದ ಬೆನ್ನಿಗೇ ಕೊಲೆ ಬರುವುದನ್ನು ಆಡೆನ್‌ನ ಆಧುನಿಕ ವ್ಯಂಗ್ಯವೆಂದು ಓದುವವರಿದ್ದಾರೆ. ಆದರೆ ಚರ್ಚು ಡಿಸೆಂಬರ್ 28ನ್ನು ಆ ಶಿಶುಗಳ ಸ್ಮರಣೆಗೆ ಶತಮಾನಗಳಿಂದ ಮೀಸಲಿಟ್ಟಿದೆ. 26 ಕೂಡ ಕಲ್ಲೇಟಿಗೆ ಸತ್ತ ಸ್ತೆಫನನ ದಿನ. ಆಡೆನ್ ಹೊಸದಾಗಿ ಮಾಡಿದ್ದು ಹೆರೋದನ ಪಾತ್ರವನ್ನು. ಅವನ ಹೆರೋದ ರಾಕ್ಷಸನಲ್ಲ, ಆಡಳಿತವನ್ನು ನೆಟ್ಟಗೆ ನಡೆಸಿದ, ವಿಚಾರವಂತನೆಂದು ತನ್ನನ್ನು ತಾನೇ ನಂಬಿದ ಅಧಿಕಾರಿ. ಕೊಲ್ಲುವ ಆದೇಶ ಕೊಡಬೇಕಾಗಿ ಬಂತಲ್ಲ ಎಂದು ತನ್ನ ಮೇಲೆ ತಾನೇ ಮರುಗುತ್ತಾನೆ. ಓದುಗ ನಗುತ್ತಾನೆ, ನಕ್ಕಿದ್ದಕ್ಕೆ ಮರುಗಳಿಗೆಯಲ್ಲಿ ಅಳುಕುತ್ತಾನೆ.

ಇಷ್ಟಾದರೂ ಕಾವ್ಯದ ಮಧ್ಯಭಾಗ ನನಗೆ ಅಲ್ಲಲ್ಲಿ ಸೊರಗಿದಂತೆ ಕಾಣುತ್ತದೆ. ಮೇಳ ‘ನಾವು’ ಎಂದು ಮಾತಾಡುತ್ತದೆ. ಆ ‘ನಾವು’ ಯಾರು? ಮನುಕುಲವೆಲ್ಲ ಅನ್ನುವಷ್ಟು ಅಗಲ, ಯಾರೊಬ್ಬರ ಮುಖವೂ ಕಾಣದಷ್ಟು ದೂರ. ಸಿಮೆಯೋನನ ಗದ್ಯವಂತೂ ಒಬ್ಬ ಮುದುಕನ ಮಾತಾಗಿರದೆ ಧರ್ಮಶಾಸ್ತ್ರದ ಉಪನ್ಯಾಸವಾಗಿಬಿಡುತ್ತದೆ. ಒಂದು ಸಭೆ ಅಂದರೆ ಬರೀ ತತ್ವವಲ್ಲ. ಪಕ್ಕದ ಬೆಂಚಿನಲ್ಲಿ ಕೆಮ್ಮುವವರು, ರಾಗ ತಪ್ಪಿ ಹಾಡುವವರು, ಆರಾಧನೆ ಮುಗಿದ ಮೇಲೆ ಕಾಫಿಗೆ ನಿಲ್ಲುವವರು. ಇವರು ಈ ಕಾವ್ಯದಲ್ಲಿ ಎಲ್ಲಿಯೂ ಇಲ್ಲ.

ಕೊನೆಯ ಪುಟಗಳಲ್ಲಿ ಮಾತ್ರ ಆ ‘ನಾವು’ ನೆಲಕ್ಕಿಳಿಯುತ್ತದೆ. ಬಂಧುಗಳೆಲ್ಲರನ್ನೂ ಪ್ರೀತಿಸಲು ಹೊರಟು, ಎಂದಿನಂತೆ ಸೋತವರ ‘ನಾವು’ ಅದು. ಕಂಡ ದರ್ಶನ ಮಾಸಿದೆ, ಶುಭ ಶುಕ್ರವಾರದ ನೋವು ಇನ್ನೂ ಬಂದಿಲ್ಲ. ನಡುವಿನ ಈ ಸಪ್ಪೆ ಕಾಲವೇ ಎಲ್ಲಕ್ಕಿಂತ ಕಷ್ಟದ್ದು ಎನ್ನುತ್ತಾನೆ ನಿರೂಪಕ. ಶೀರ್ಷಿಕೆಯ ಅರ್ಥವೂ ಇದೇ, ‘ಸದ್ಯಕ್ಕೆ’. ಬಾಡಿಗೆ ಕಟ್ಟುವ, ಮೇಜು ಒರೆಸುವ, ಕೆಟ್ಟ ಯಂತ್ರ ರಿಪೇರಿ ಮಾಡಿಸುವ ದಿನಗಳು ನಂಬಿಕೆಗೆ ಹೊರಗಿನವಲ್ಲ, ಅದರ ಪರೀಕ್ಷೆ ನಡೆಯುವ ಜಾಗವೇ ಅವು ಎಂಬುದು ಕಾವ್ಯ ತಲುಪುವ ನಿಲುವು.

ಈ ನಿಲುವನ್ನು ಆಡೆನ್ ಬದುಕಿದ್ದು ಹೇಗೆ? 1950ರ ದಶಕದಲ್ಲಿ ಅವನು ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಇನ್ ದಿ ಬೋವರಿ ಎಂಬ ಎಪಿಸ್ಕೋಪಲ್ ಚರ್ಚಿಗೆ ಹೋಗುತ್ತಿದ್ದ. ಅದೇ ಸಭೆಯ ಮಹಿಳೆಯೊಬ್ಬರು ಹೇಳಿದ ಸಂಗತಿಯನ್ನು ವಿಮರ್ಶಕ ಎಡ್ವರ್ಡ್ ಮೆಂಡೆಲ್ಸನ್ 2014ರ ಲೇಖನವೊಂದರಲ್ಲಿ ದಾಖಲಿಸಿದ್ದಾರೆ. ಸಭೆಯ ಒಬ್ಬ ಮುದುಕಿಗೆ ರಾತ್ರಿಗಳಲ್ಲಿ ವಿಪರೀತ ಭಯವಾಗುತ್ತಿತ್ತಂತೆ. ಅದನ್ನು ಕೇಳಿದ ಆಡೆನ್ ಒಂದು ಕಂಬಳಿ ಹಿಡಿದುಕೊಂಡು ಹೋಗಿ, ಆಕೆಗೆ ಧೈರ್ಯ ಬರುವವರೆಗೆ ಅವಳ ಮನೆಬಾಗಿಲಿನ ಹೊರಗೆ, ಓಣಿಯಲ್ಲಿ ಮಲಗುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ, ಕವಿತೆಯನ್ನೂ ಮಾಡಲಿಲ್ಲ.

ಕವಿಯ ಒಳ್ಳೆಯತನದಿಂದ ಕವಿತೆಗೆ ಅಂಕ ಕೊಡಬಾರದು, ನಿಜ. ಕಾವ್ಯ ಬರೆದು ದಶಕ ಕಳೆದ ಮೇಲಿನ ಮಾತು ಇದು. ಆದರೂ ಕಾವ್ಯದಲ್ಲಿ ಕಾಣದೆ ಹೋದ ನೆರೆಯವಳು ಆ ಓಣಿಯಲ್ಲಿ ಕಾಣುತ್ತಾಳೆ. ಸಾಹಿತ್ಯಕ್ಕೆ ‘ನಾವು’ ಎನ್ನುವುದು ಸುಲಭ, ನಮ್ಮ ಕನ್ನಡದ ಕಾವ್ಯಕ್ಕೂ ಆ ಚಟ ಇಲ್ಲದಿಲ್ಲ. ಆ ಮಾತಿನ ಬೆಲೆ ಎಷ್ಟೆಂದು ಆಡೆನ್‌ಗೆ ಗೊತ್ತಿತ್ತು. ಅದಕ್ಕೇ ಅವನ ಕಾವ್ಯ ಸೋಲನ್ನು ಒಪ್ಪಿಕೊಂಡ ಮೇಲಷ್ಟೇ ನಂಬುವಂತಾಗುತ್ತದೆ.

ಓದಬೇಕೆಂದಿರುವವರು ಡಿಸೆಂಬರ್ 25ರಂದು ಇದನ್ನು ತೆರೆಯಬೇಡಿ. ಜನವರಿಯ ಎರಡನೇ ವಾರ, ನಕ್ಷತ್ರದ ದೀಪಗಳನ್ನೆಲ್ಲ ಇಳಿಸಿದ ಮೇಲೆ ಓದಿ.