ಮೂರು ನುಡಿಯ ಬಂಡೆ, ಒಂದು ನುಡಿಯ ಓದು

ಭಾರತದ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1904ರಲ್ಲಿ ಒಂದು ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರ ಅದರ ಜಾಗದಲ್ಲಿ ಇನ್ನಷ್ಟು ವಿಸ್ತಾರವಾದ 1958ರ ಕಾಯಿದೆ ನೆಲೆಗೊಂಡಿತು. ಈ ಎರಡನೆಯದರ ವ್ಯಾಖ್ಯೆಯಲ್ಲಿ ಗುಹೆ, ಬಂಡೆಯ ಶಿಲ್ಪ, ಏಕಶಿಲೆಗಳ ಜೊತೆಗೆ ಶಾಸನವೂ ಸೇರಿದೆ. ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳದ್ದಾಗಿ 100 ವರ್ಷಕ್ಕೆ ಕಡಿಮೆಯಿಲ್ಲದೆ ಉಳಿದು ಬಂದ ಶಾಸನ, ಕಾನೂನಿನ ದೃಷ್ಟಿಯಲ್ಲಿ, ದೇವಾಲಯದಂತೆಯೇ ಒಂದು ಸ್ಮಾರಕ. ಆದರೆ ದೇವಾಲಯವನ್ನು ನೋಡಬಹುದು, ಶಾಸನವನ್ನು ಓದಬೇಕು. ಓದು ಕುಗ್ಗಿದರೆ ಕಲ್ಲು ಉಳಿದೂ ಸ್ಮಾರಕ ಕುಗ್ಗುತ್ತದೆ. ಈ ಕುಗ್ಗುವಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತನೆಯ ಶತಮಾನದ ಎರಡು ಬಹುಭಾಷಾ ಶಾಸನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಮೊದಲನೆಯದು ತೆಲಂಗಾಣದ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲಕ್ಕೆ ಸೇರಿದ ಕುರ್ಕ್ಯಾಲದಲ್ಲಿದೆ. ಅಲ್ಲಿನ ಬೊಮ್ಮಲಮ್ಮ ಗುಟ್ಟದ ಬಂಡೆಯ ಮೇಲೆ ಜಿನಬಿಂಬಗಳೂ ಚಕ್ರೇಶ್ವರಿಯ ಮೂರ್ತಿಯೂ ಇವೆ. ಅವುಗಳ ಜೊತೆಗೆ ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಸಂಸ್ಕೃತ, ಕನ್ನಡ, ತೆಲುಗು ಶಾಸನವಿದೆ. ಎರಡನೆಯದು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಸಣ್ಣ ಬರಹಗಳ ಗುಂಪು. ಎರಡೂ ಜೈನ ನೆಲೆಗಳು. ಎರಡರಲ್ಲಿಯೂ ನುಡಿಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ. ಇಂದಿನ ರಾಜ್ಯಗಳ ಗಡಿಯನ್ನು ಇಟ್ಟುಕೊಂಡು ನೋಡಿದರೆ, ಕನ್ನಡದ ಆದಿಕವಿಯ ಮನೆತನದ ದಾಖಲೆ ತೆಲಂಗಾಣದಲ್ಲಿಯೂ, ಮರಾಠಿಯ ಅತಿ ಹಳೆಯ ಬರಹವೆಂದು ಬಹುಕಾಲ ಎಣಿಸಲ್ಪಟ್ಟ ಸಾಲು ಕರ್ನಾಟಕದಲ್ಲಿಯೂ ಇವೆ.

ಈ ಶಾಸನಗಳನ್ನು ನಮ್ಮ ವಿದ್ವತ್ತು ಬಳಸಿಕೊಂಡ ಕ್ರಮ ವಿಚಾರಾರ್ಹವಾಗಿದೆ. ಕನ್ನಡ ಸಾಹಿತ್ಯ ಚರಿತ್ರೆಗೆ ಕುರ್ಕ್ಯಾಲದ ಶಾಸನ ಪಂಪನ ಜೀವನಚರಿತ್ರೆಯ ಆಕರ. ತಂದೆ ಭೀಮಪ್ಪಯ್ಯ, ವೆಂಗಿನಾಡಿನ ವಂಗಿಪರ್ರುವಿನ ಮೂಲ, ತಾಯಿ ಅಬ್ಬಣಬ್ಬೆ, ಆಕೆಗೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದೊಡನೆ ಇದ್ದ ಸಂಬಂಧ: ಇಷ್ಟನ್ನು ಆಯ್ದುಕೊಂಡ ಮೇಲೆ ಬಂಡೆಯ ಕೆಲಸ ಮುಗಿಯಿತೆಂಬಂತೆ ಚರಿತ್ರಕಾರರು ಮುಂದೆ ಸಾಗುತ್ತಾರೆ. ತೆಲುಗು ಸಾಹಿತ್ಯ ಚರಿತ್ರೆಗೆ ಅದೇ ಬಂಡೆ ನನ್ನಯ್ಯನಿಗಿಂತ ಹಿಂದಿನ ಮೂರು ಕಂದಪದ್ಯಗಳ ಸಾಕ್ಷ್ಯ. ಕನ್ನಡ, ತೆಲುಗುಗಳೆರಡಕ್ಕೂ 2008ರಲ್ಲಿ ಶಾಸ್ತ್ರೀಯ ಸ್ಥಾನ ದೊರೆಯಿತು. ತೆಲುಗಿನ ಪ್ರಾಚೀನತೆಯ ವಾದದಲ್ಲಿ ಈ ಕಂದಗಳಿಗೆ ಮುಖ್ಯ ಸ್ಥಾನವಿತ್ತು. ಗೊಮ್ಮಟನ ಪಾದದ ಮರಾಠಿ ಬರಹಕ್ಕೂ ಇಂತಹದೇ ಗತಿ. ಅದರ ಕಾಲವನ್ನು, 1012ರದೆನ್ನಲಾಗುವ ಅಕ್ಷಿ ಶಾಸನದೊಡನೆ ಅದರ ಸ್ಪರ್ಧೆಯನ್ನು ಕುರಿತು ಚರ್ಚೆ ನಡೆದಷ್ಟು, ಅದು ಅಲ್ಲಿ ಏಕಿದೆ ಎಂಬುದನ್ನು ಕುರಿತು ನಡೆದಿಲ್ಲ. ಮರಾಠಿಗೂ 2024ರಲ್ಲಿ ಶಾಸ್ತ್ರೀಯ ಸ್ಥಾನ ದೊರೆತಿರುವುದರಿಂದ ಈ ಬಗೆಯ ಓದು ಇನ್ನಷ್ಟು ಬಲಗೊಳ್ಳುವ ಸಂಭವವಿದೆ.

ಕಾಲನಿರ್ಣಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅದಿಲ್ಲದೆ ಯಾವ ಶಾಸನಾಧ್ಯಯನವೂ ನಿಲ್ಲಲಾರದು. ಆಕ್ಷೇಪವಿರುವುದು ಶಾಸನವನ್ನು ವಯಸ್ಸಿನ ಪ್ರಮಾಣಪತ್ರವನ್ನಾಗಿ ಮಾತ್ರ ಬಳಸುವ ಪ್ರವೃತ್ತಿಗೆ. ಪ್ರಮಾಣಪತ್ರಕ್ಕೆ ಒಂದೇ ನುಡಿ ಸಾಕು. ಉಳಿದೆರಡು ನುಡಿಗಳು ಅಡ್ಡಿಯಾಗುತ್ತವೆ. ಹೀಗೆ ಮೂರು ನುಡಿಯ ಬಂಡೆಯನ್ನು ಮೂರು ವಿಭಾಗಗಳು ಹಂಚಿಕೊಂಡು, ಯಾರೂ ಇಡಿಯಾಗಿ ಓದದ ಸ್ಥಿತಿ ಒದಗಿದೆ.

ಇಡಿಯಾಗಿ ಓದಿದರೆ ದೊರೆಯುವುದೇನು? ಜಿನವಲ್ಲಭ ಅಲ್ಲಿ ತ್ರಿಭುವನತಿಲಕವೆಂಬ ಬಸದಿಯನ್ನೂ, ಕವಿತಾಗುಣಾರ್ಣವವೆಂಬ ಕೆರೆಯನ್ನೂ, ಮದನವಿಲಾಸವೆಂಬ ತೋಟವನ್ನೂ ಮಾಡಿಸಿದ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಗುಣಾರ್ಣವ ಎಂಬುದು ಅವನ ಆಶ್ರಯದಾತ, ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಬಿರುದು. ಅರಸನ ಬಿರುದು ಕವಿಯ ಬಿರುದಾಗಿ, ಕವಿಯ ಬಿರುದು ಕೆರೆಯ ಹೆಸರಾಗಿ ಇಳಿದು ಬಂದಿದೆ. ಅರ್ಣವವೆಂದರೆ ಕಡಲು, ಬಿರುದಿನಲ್ಲಿ ರೂಪಕವಾಗಿದ್ದ ನೀರು ಕೆರೆಯಲ್ಲಿ ನಿಜವಾದ ನೀರಾಯಿತು. ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಅರಸನಿಗೆ ಕಾವ್ಯದಲ್ಲಿ ನೆಲೆಯನ್ನು ಒದಗಿಸಿದ. ತಮ್ಮನು ಅಣ್ಣನಿಗೆ ಊರಿನ ನೆಲದಲ್ಲಿಯೇ ನೆಲೆಯನ್ನು ಒದಗಿಸಿದ. ಕಾವ್ಯಕ್ಕೂ ದಾನಕ್ಕೂ ನಡುವಣ ಈ ಕೊಡುಕೊಳ್ಳುವಿಕೆ ವಂಶಾವಳಿಯನ್ನು ಮಾತ್ರ ಹುಡುಕುವ ಕಣ್ಣಿಗೆ ಬೀಳುವುದಿಲ್ಲ.

ನುಡಿಗಳ ವಿನ್ಯಾಸವೂ ಹೀಗೆಯೇ ಗಮನಾರ್ಹ. ಗೊಮ್ಮಟನ ಪಾದದಲ್ಲಿ ಚಾವುಂಡರಾಯ ಮಾಡಿಸಿದನೆಂಬ ಒಂದೇ ಘೋಷಣೆ ನುಡಿಯಿಂದ ನುಡಿಗೆ ಮರುಕಳಿಸುತ್ತದೆ. ನಾನಾ ದಿಕ್ಕುಗಳಿಂದ ಬರುವ ಯಾತ್ರಿಕರನ್ನು ಅದು ತನ್ನ ಓದುಗರೆಂದು ಎಣಿಸಿದಂತಿದೆ. ಕುರ್ಕ್ಯಾಲದಲ್ಲಿ ನುಡಿಗಳು ಬೇರೆ ಬಗೆಯಲ್ಲಿ ಕೂಡುತ್ತವೆ. ವೆಂಗಿಯ ಮೂಲ, ಅಣ್ಣಿಗೇರಿಯ ನೆಂಟತನ, ವೇಮುಲವಾಡದ ಆಶ್ರಯ: ಇವು ಇಂದು ಮೂರು ರಾಜ್ಯಗಳಿಗೆ ಹಂಚಿಹೋಗಿರುವ ಸ್ಥಳಗಳು. ಆ ಮನೆತನಕ್ಕೆ ಇವು ಒಂದೇ ಬಾಳಿನ ಭಾಗಗಳಾಗಿದ್ದವು. ಬಂಡೆಯ ಮೇಲಿನ ಬಹುಭಾಷಿಕತೆ ಅಲಂಕಾರವಲ್ಲ. ಅದು ಆ ಬಾಳಿನ ಸ್ವರೂಪವೇ ಆಗಿದೆ.

ರಕ್ಷಣೆಯ ಪ್ರಶ್ನೆಗೆ ಮರಳೋಣ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಗೆ ಒಳಪಟ್ಟ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಟ್ಟಡಕ್ಕೆ ಈ ಅಳತೆ ಹೊಂದಬಹುದು. ಬಸದಿ, ಕೆರೆ, ತೋಟಗಳನ್ನು ಹೆಸರಿಸುವ ಬರಹದ ಆವರಣವನ್ನು ಮೀಟರಿನಲ್ಲಿ ಅಳೆಯಲಾಗದು. ಕರೀಂನಗರ ಗ್ರಾನೈಟ್ ಗಣಿಗಾರಿಕೆಗೆ ಹೆಸರಾದ ಜಿಲ್ಲೆ. ಅಂತಹ ನೆಲದಲ್ಲಿ ಬರಹದ ಸಾಲುಗಳಿರುವ ಮುಖವನ್ನಷ್ಟೇ ಉಳಿಸಿ ಸುತ್ತಣ ಗುಡ್ಡವನ್ನು ಕಳೆದುಕೊಂಡರೆ, ಅಕ್ಷರ ಉಳಿದು ಅರ್ಥ ಹೋಗುತ್ತದೆ. ಅಚ್ಚಾದ ಪಾಠವೊಂದಿದೆಯಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ದೇಶದ ಸ್ಮಾರಕಗಳ ಸ್ಥಿತಿಯೂ ನಿಶ್ಚಿಂತೆಯದಲ್ಲ: 2013ರ ಮಹಾಲೇಖಪಾಲರ ವರದಿ, ಜಂಟಿಯಾಗಿ ಪರಿಶೀಲಿಸಿದ 1655 ಸ್ಮಾರಕಗಳಲ್ಲಿ 92 ಕಾಣೆಯಾಗಿವೆಯೆಂದು ತಿಳಿಸಿತು, ಅನಂತರದ ಶೋಧದಲ್ಲಿ ಕೆಲವು ಪತ್ತೆಯಾದರೂ, 2024ರಲ್ಲಿ 18 ಸ್ಮಾರಕಗಳನ್ನು ರಾಷ್ಟ್ರೀಯ ಮಹತ್ವದ ಪಟ್ಟಿಯಿಂದ ಕೈಬಿಡುವ ಕ್ರಮ ಆರಂಭವಾಯಿತು. ಯಾರೂ ಹೋಗಿ ನೋಡದ ಸ್ಮಾರಕ ಪಟ್ಟಿಯಲ್ಲಿ ಮಾತ್ರ ಬದುಕಿರುತ್ತದೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಈ ಸಂದರ್ಭದಲ್ಲಿ ವಿಶೇಷ ಹೊಣೆಯಿದೆಯೆಂದು ನಾವು ಭಾವಿಸುತ್ತೇವೆ. ಹೈದರಾಬಾದು, ಚೆನ್ನೈ, ಪುಣೆ, ಮುಂಬಯಿಗಳಲ್ಲಿ ಕನ್ನಡದ ಅಧ್ಯಯನ ನಡೆಯುವುದು ತೆಲುಗು, ತಮಿಳು, ಮರಾಠಿಗಳ ನೆರೆಯಲ್ಲಿ. ಬೆಂಗಳೂರು, ಧಾರವಾಡ, ಮೈಸೂರುಗಳಿಗೆ ಸುಲಭವಾಗಿ ಒದಗದ ಅನುಕೂಲವಿದು. ಒಂದು ಬಹುಭಾಷಾ ಶಾಸನವನ್ನು ಆಯಾ ನುಡಿಗಳ ವಿದ್ವಾಂಸರು ಸ್ಥಳದಲ್ಲಿಯೇ ಒಟ್ಟಿಗೆ ಓದಿ, ಎಲ್ಲ ನುಡಿಗಳ ಪಾಠವನ್ನೂ ಪಡಿಯಚ್ಚನ್ನೂ ಪರಿಸರದ ನಕ್ಷೆಯನ್ನೂ ಒಂದೇ ಸಂಪುಟದಲ್ಲಿ ಪ್ರಕಟಿಸಬೇಕು. ಕುರ್ಕ್ಯಾಲದಿಂದಲೇ ಆರಂಭಿಸುವುದು ಯುಕ್ತ. ಅಣ್ಣನ ಬಿರುದನ್ನು ಹೊತ್ತ ಆ ಕೆರೆಯ ನೆಲೆಯನ್ನು ಗುರುತಿಸುವ ಪ್ರಯತ್ನ ಆ ಸಂಪುಟದ ಮೊದಲ ಅಧ್ಯಾಯವಾಗಲಿ.