ಕನ್ನಡಿಯ ಆಚೆಗಿನ ಸ್ವಚಿತ್ರ

ತನ್ನನ್ನು ತಾನು ಅರಿಯಲು ಹೊರಟ ಚಿತ್ರಕಾರ ಮೊದಲು ಹುಡುಕುವುದು ಕನ್ನಡಿಯನ್ನು. ಮುಖವೇನೋ ಅದರಲ್ಲಿ ಸಿಗುತ್ತದೆ, ತನ್ನತನ ಸಿಗುತ್ತದೆಂಬ ಭರವಸೆ ಇಲ್ಲ. ಅಮೃತಾ ಶೇರ್‌ಗಿಲ್ ಅವರ ಕೃತಿಗಳನ್ನು ಬರೆದ ಕ್ರಮದಲ್ಲೇ ನೋಡಿದರೆ ಈ ಮಾತಿಗೆ ಪುರಾವೆ ದೊರೆಯುತ್ತದೆ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಆಕೆಗೆ ತಂದೆಯ ಕಡೆಯಿಂದ ಪಂಜಾಬ್, ತಾಯಿಯ ಕಡೆಯಿಂದ ಹಂಗೇರಿ; ತಾನು ಎಲ್ಲಿಯವಳು ಎಂಬ ಪ್ರಶ್ನೆ ಹುಟ್ಟಿನೊಂದಿಗೇ ಬಂದಿತ್ತು. ಪ್ಯಾರಿಸ್‌ನಲ್ಲಿ ಓದುವಾಗ ಒಂದರ ಹಿಂದೊಂದು ಸ್ವಚಿತ್ರ ಬರೆದರು. 1934ರ ಸ್ವಚಿತ್ರವೊಂದರಲ್ಲಿ ತಮ್ಮನ್ನು ತಾಹಿತಿಯ ಹೆಣ್ಣಾಗಿ ಚಿತ್ರಿಸಿಕೊಂಡರು. ಆ ಅರೆಬೆತ್ತಲೆ ನಿಲುವು ತಾಹಿತಿಯ ಹೆಣ್ಣುಗಳನ್ನು ಬರೆದ ಫ್ರೆಂಚ್ ಚಿತ್ರಕಾರ ಗೋಗ್ಯಾನ್‌ನ ಚಿತ್ರಲೋಕದ್ದು, ಹಿಂದೆ ಗಂಡಸೊಬ್ಬನ ನೆರಳು. ಗಂಡುನೋಟವನ್ನೇ ಪ್ರಶ್ನಿಸುವ ಜಾಣ ಚಿತ್ರವದು, ನಿಜ. ಆದರೂ ತೊಟ್ಟದ್ದು ಎರವಲು ವೇಷ.

ಅದೇ ವರ್ಷ ಭಾರತಕ್ಕೆ ಮರಳಿದ ಮೇಲೆ ಕುಂಚದ ಬಗೆಯೇ ಬದಲಾಯಿತು. 1935ರ ‘ಮೂವರು ಹುಡುಗಿಯರು’ ಚಿತ್ರದಲ್ಲಿ ಯಾರೂ ನಮ್ಮತ್ತ ನೋಡುವುದಿಲ್ಲ. ವಿವರಗಳೆಲ್ಲ ಕಳಚಿ, ಬಣ್ಣದ ದೊಡ್ಡ ಹರಹುಗಳಷ್ಟೇ ಉಳಿದಿವೆ. ಅಜಂತಾದ ಭಿತ್ತಿಚಿತ್ರಗಳನ್ನು ನೋಡಿ ಬಂದು 1937ರಲ್ಲಿ ಬರೆದ ‘ವಧುವಿನ ಶೃಂಗಾರ’, ‘ಬ್ರಹ್ಮಚಾರಿಗಳು’ ಕೃತಿಗಳಲ್ಲಿ ಈ ಬಗೆ ಇನ್ನಷ್ಟು ಗಟ್ಟಿಯಾಯಿತು. ಇವುಗಳಲ್ಲಿ ಆಕೆಯ ಮುಖವಿಲ್ಲ, ಆದರೆ ಬೇರೆ ಯಾರೂ ಬರೆದಿರಲಾರರು ಎನ್ನುವಷ್ಟು ಆಕೆಯಿದ್ದಾರೆ.

ಸಿಮ್ಲಾದ ಸಿರಿವಂತ ಮನೆಯ ಹೆಣ್ಣು ಬಡವರನ್ನು ದೂರದಿಂದ ಕಂಡು ಬರೆದದ್ದು ಯಾರ ಅಸ್ಮಿತೆ ಎಂದು ಕೇಳುವವರಿದ್ದಾರೆ. ಆಕ್ಷೇಪ ಸರಿಯಾದದ್ದೇ. ಆದರೆ ಆ ದೂರವನ್ನು ಚಿತ್ರಗಳು ಮುಚ್ಚಿಡುವುದಿಲ್ಲ: ಕಣ್ಣು ತಪ್ಪಿಸುವ ಆ ಮೌನದ ಮುಖಗಳು ಹಳ್ಳಿಯ ಬದುಕಿನ ಬಗ್ಗೆ ಹೇಳುವುದಕ್ಕಿಂತ, ಎರಡು ನಾಡುಗಳ ನಡುವೆ ನಿಂತು ನೋಡುತ್ತಿರುವವಳ ಬಗ್ಗೆಯೇ ಹೆಚ್ಚು ಹೇಳುತ್ತವೆ. ಹಾಗಾದರೆ ರೆಂಬ್ರಾಂಟ್, ಫ್ರೀಡಾ ಕಾಹ್ಲೋ ಕನ್ನಡಿಯ ಮುಂದೆ ಕೂತೇ ಗೆದ್ದರಲ್ಲ ಎಂಬ ಪ್ರಶ್ನೆ ಇನ್ನೂ ಬಲವಾದದ್ದು. ಮುಪ್ಪಿನ ರೆಂಬ್ರಾಂಟ್ ತನ್ನ ಜೋಲುಗೆನ್ನೆಯನ್ನು ಇನ್ನೊಬ್ಬ ಮುದುಕನ ಕೆನ್ನೆಯೆಂಬಂತೆ, ಮುಲಾಜಿಲ್ಲದೆ ಪರೀಕ್ಷಿಸಿದ. 1925ರ ಬಸ್ ಅಪಘಾತದ ನಂತರ ಫ್ರೀಡಾಗೆ ಸ್ವಂತ ದೇಹವೇ ಅಪರಿಚಿತ ವಸ್ತುವಾಗಿತ್ತು. ತಮ್ಮನ್ನೇ ಪರರಂತೆ ಕಾಣಬಲ್ಲವರಿಗೆ ಮಾತ್ರ ಕನ್ನಡಿ ಒಲಿಯುತ್ತದೆ.

ನಮ್ಮ ಕೆ. ಕೆ. ಹೆಬ್ಬಾರರು ಹಿಡಿದ ದಾರಿಯೂ ಹೊರಮುಖವಾದದ್ದೇ. ಉಡುಪಿ ಬಳಿಯ ಕಟ್ಟಿಂಗೇರಿಯ ಅವರು ಲಯವನ್ನು ಅರಿಯಲೆಂದು ಕಥಕ್ ಕಲಿತರು. ನರ್ತಕರ ಮೈಬಳುಕನ್ನು ಹಿಂಬಾಲಿಸಿದ ಅವರ ರೇಖೆ ಸಹಿಯಿಲ್ಲದೆಯೂ ಗುರುತು ಸಿಗುವಷ್ಟು ಅವರದಾಯಿತು. ಚಿತ್ರದಲ್ಲಿ ನಮ್ಮನ್ನು ಪ್ರಕಟಿಸುವುದು ವಸ್ತುವಲ್ಲ, ಏನನ್ನು ಉಳಿಸಿದೆವು, ಏನನ್ನು ಬಿಟ್ಟೆವು ಎಂಬ ನಿರ್ಧಾರ. ಆದ್ದರಿಂದ ತನ್ನನ್ನು ಹುಡುಕುತ್ತಿರುವ ಹೊಸ ಚಿತ್ರಕಾರ ಪಕ್ಕದವರ ಮುಖವನ್ನು ಹತ್ತು ಸಲ ಬರೆಯಲಿ. ಹತ್ತರಲ್ಲೂ ಮರುಕಳಿಸುವ, ಆ ಮುಖದಲ್ಲಿ ಇಲ್ಲದ ಗೆರೆ ಯಾವುದೋ ಅದು ಅವನದೇ.